ಹದಿನೈದು ವರ್ಷ ಇಟ್ಟುಕೊಳ್ಳೋಕೆ ಯಾವ ಸೆಡಾನ್? ಸಿಟಿ, ವೆರ್ನಾ, ವರ್ಟಸ್, ಸಿಯಾಜ್ ಓಡಿಸಿ ನೋಡಿದ ಮೇಲೆ

ಕರ್ನಾಟಕದಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ಕಾರು ಬದಲಾಯಿಸೋದು ದುಬಾರಿ ಚಟ. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ 17% ಲೈಫ್‌ಟೈಮ್ ಟ್ಯಾಕ್ಸ್, ಅದರ ಮೇಲೆ ಸೆಸ್ ಬೇರೆ. ಹದಿನೈದು ವರ್ಷದ ತೆರಿಗೆಯನ್ನು ಮೊದಲೇ ಕಟ್ಟಿ ಐದನೇ ವರ್ಷ ಮಾರಿದರೆ ಮಿಕ್ಕಿದ್ದರ ಲಾಭ ಕೊಂಡವನಿಗೆ. ಅದಕ್ಕೇ ನಾನು ಹುಡುಕಿದ್ದು ಆರ್‌ಸಿ ಅವಧಿ ಮುಗಿಯುವವರೆಗೆ ಓಡಿ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಇನ್ನೈದು ವರ್ಷ ತಳ್ಳಬಹುದಾದ ಕಾರು. ಪೆಟ್ರೋಲ್ ಸೆಡಾನ್, ಅಷ್ಟೆ. ಹೈಬ್ರಿಡ್ ಬೇಡ, ಎಲೆಕ್ಟ್ರಿಕ್ ಸದ್ಯಕ್ಕೆ ಬೇಡ.

ನಾವಿರುವುದು ಸಕಲೇಶಪುರದ ಹತ್ತಿರ. ಆಗಾಗ ಬೆಂಗಳೂರು, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು. ಶೋರೂಂ ಸುತ್ತ ಒಂದು ರೌಂಡ್ ಹೊಡೆಸುವ ಟೆಸ್ಟ್ ಡ್ರೈವ್‌ನಲ್ಲಿ ಸೀಟು ಮೆತ್ತಗಿದೆ ಅನ್ನೋದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಭಾವನ ಹೋಂಡಾ ಸಿಟಿ, ಸ್ನೇಹಿತನ ಫೋಕ್ಸ್‌ವ್ಯಾಗನ್ ವರ್ಟಸ್ 1.0 ಕೇಳಿ ಪಡೆದೆ. ಹ್ಯುಂಡೈ ವೆರ್ನಾ 1.5 ಬೆಂಗಳೂರಿನಲ್ಲಿ ಬಾಡಿಗೆಗೆ ಸಿಕ್ಕಿತು. ಮಾರುತಿ ಸಿಯಾಜ್ ನೋಡಿದ್ದು ಸೆಕೆಂಡ್ ಹ್ಯಾಂಡ್, ಯಾಕಂದ್ರೆ 2025ರಲ್ಲಿ ಅದರ ತಯಾರಿಕೆ ನಿಂತಿದೆ.

ಮೊದಲು ಬಾನೆಟ್ ಎತ್ತೋಣ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಅಲ್ಲೇ ಆಗಬೇಕು. ಸಿಟಿಯಲ್ಲಿ 1498 ಸಿಸಿ, ನಾಲ್ಕು ಸಿಲಿಂಡರ್, ಪವರ್ 121 ಪಿಎಸ್, ಟಾರ್ಕ್ (ಎಳೆಯುವ ಬಲ) 145 ಎನ್‌ಎಂ. ಟರ್ಬೊ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಫ್ಯಾನ್, ಇಲ್ಲ. ವೆರ್ನಾದ ಟರ್ಬೊ ಇಲ್ಲದ 1.5 ಇಂಜಿನ್ ಕೂಡ ಹೆಚ್ಚುಕಡಿಮೆ ಅದೇ ಜಾತಿ: 115 ಪಿಎಸ್, 144 ಎನ್‌ಎಂ. ಸಿಯಾಜ್ 1462 ಸಿಸಿ, 105 ಪಿಎಸ್. ಮೂರರಲ್ಲೂ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವುದು ಲೋಹದ ಟೈಮಿಂಗ್ ಚೈನ್. ವರ್ಟಸ್ ಬೇರೆ ದಾರಿ ಹಿಡಿದಿದೆ. 999 ಸಿಸಿಯ ಮೂರು ಸಿಲಿಂಡರ್, ಟರ್ಬೊ, ಡೈರೆಕ್ಟ್ ಇಂಜೆಕ್ಷನ್, ಚೈನ್ ಬದಲು ರಬ್ಬರಿನ ಟೈಮಿಂಗ್ ಬೆಲ್ಟ್. ಪವರ್ 115 ಪಿಎಸ್, ಆದರೆ ಟಾರ್ಕ್ 178 ಎನ್‌ಎಂ.

ಆ 178ರ ಬೆಲೆ ಗೊತ್ತಾಗುವುದು ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಹತ್ತುವಾಗ. ಮುಂದೆ ಗ್ಯಾಸ್ ಟ್ಯಾಂಕರ್, ಹಿಂದೆ ಸ್ಲೀಪರ್ ಬಸ್, ಕಾರಿನೊಳಗೆ ಐದು ಜನ, ಎಸಿ ಆನ್. ಟ್ಯಾಂಕರ್ ಪಕ್ಕಕ್ಕೆ ಸರಿದು ಜಾಗ ಕೊಡುವುದು ಒಂದೆರಡು ಕ್ಷಣ. ವರ್ಟಸ್ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಯಿತು. ಸಿಟಿಯಲ್ಲಿ ಅದೇ ಜಾಗದಲ್ಲಿ ಎರಡಕ್ಕೆ ಇಳಿಸಿ, ಆಕ್ಸಿಲರೇಟರ್ ಚೆನ್ನಾಗಿ ಒತ್ತಿ, ಇಂಜಿನ್ ಸದ್ದು ಮಾಡಲು ಬಿಡಬೇಕು. ಆ ಸದ್ದು ಕೇಳಿ ಅಪ್ಪ ಹಿಂದಿನಿಂದ ‘ನಿಧಾನ ಮಾರಾಯ’ ಅಂತಾರೆ. ಇಂಜಿನ್‌ಗೇನೂ ಬೇಜಾರಿಲ್ಲ, ಅದು ಹಾಗೆ ಓಡೋಕೇ ಹುಟ್ಟಿದ್ದು. ವೆರ್ನಾವೂ ಇದೇ ಥರ, ಸ್ವಲ್ಪ ಸಾಧು. ಸಿಯಾಜ್‌ನಲ್ಲಿ ಓವರ್‌ಟೇಕ್ ಆಸೆಯನ್ನೇ ಬಿಟ್ಟು ಹಾಡು ಕೇಳುತ್ತಾ ಹೋಗಬಹುದು. ಘಾಟಿಯಲ್ಲಿ ವರ್ಟಸ್ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾನು ಕೇಳಿಕೊಂಡ ಪ್ರಶ್ನೆ, ಹತ್ತನೇ ವರ್ಷ ಏನಾಗುತ್ತೆ? ಟರ್ಬೊ ತುಂಬಾ ಬಿಸಿಯಲ್ಲಿ, ತುಂಬಾ ವೇಗದಲ್ಲಿ ತಿರುಗುವ ಭಾಗ. ಸರಿಯಾದ ಗ್ರೇಡಿನ ಆಯಿಲ್, ಸರಿಯಾದ ಸಮಯಕ್ಕೆ ಹಾಕಿದರೆ ಅದೂ ಬಾಳುತ್ತೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಬೀಳುತ್ತೆ. ಇನ್‌ಟೇಕ್ ವಾಲ್ವನ್ನು ತೊಳೆಯುವುದಿಲ್ಲ. ವರ್ಷ ಕಳೆದಂತೆ ಅಲ್ಲಿ ಕಾರ್ಬನ್ ಕೂರಬಹುದು. ಬೆಲ್ಟ್ ಅಂದ ಮೇಲೆ ಅದರ ಸ್ಥಿತಿ ನೋಡಿಸುತ್ತಿರಬೇಕು. ಇದ್ಯಾವುದೂ ಆ ಕಾರಿನ ದೋಷ ಅಲ್ಲ. ಕಾಳಜಿ ಕೇಳುವ ಜಾಗಗಳು ಜಾಸ್ತಿ, ಅಷ್ಟೆ. ವಾರಂಟಿ ಮುಗಿದ ಮೇಲೆ ಆ ಕಾಳಜಿಗೆ ದುಡ್ಡು ಕೊಡುವವರು ನಾವೇ ಅಲ್ವಾ? ಹಾಸನದ ಗ್ಯಾರೇಜಿನಲ್ಲಿ ಸಿಟಿಯನ್ನೂ ಸಿಯಾಜನ್ನೂ ಕಣ್ಣು ಮುಚ್ಚಿ ಬಿಚ್ಚುವ ಮೆಕ್ಯಾನಿಕ್ ಸಿಗುತ್ತಾರೆ. ವರ್ಟಸ್ ಅಂದರೆ ‘ಸರ್ವಿಸ್ ಸೆಂಟರ್‌ಗೇ ಹೋಗಿ ಸಾರ್’ ಅನ್ನುವವರು ಹೆಚ್ಚು.

ಗೇರ್‌ಬಾಕ್ಸ್ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಬಾಡಿಗೆಗೆ ಸಿಕ್ಕ ವೆರ್ನಾ ಐವಿಟಿ, ಅಂದರೆ ಹ್ಯುಂಡೈಯವರ ಸಿವಿಟಿ, ಗೇರಿನ ಹಂತಗಳೇ ಇಲ್ಲದ ಆಟೋಮ್ಯಾಟಿಕ್. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅದನ್ನು ಓಡಿಸಿದ ಹೆಂಡತಿ ‘ಇನ್ನು ಕ್ಲಚ್ ತುಳಿಯೋ ಮಾತೇ ಬೇಡ’ ಅಂದಳು. ಅವಳು ಹೇಳಿದ್ದು ಸರಿ. ಟ್ರಾಫಿಕ್‌ನಲ್ಲಿ ಅಷ್ಟು ನಯವಾಗಿ ಹೋಗುವುದು ಬೇರೊಂದಿಲ್ಲ. ದಿನಾ ಬೆಂಗಳೂರಿನಲ್ಲಿ ಓಡಾಡುವವರಾದರೆ ಕಣ್ಣು ಮುಚ್ಚಿ ಸಿವಿಟಿ ತಗೊಳ್ಳಿ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಕಂಪನಿ ಹೇಳಿದ ಹೊತ್ತಿಗೆ ಬದಲಾಯಿಸಿ. ಸಿವಿಟಿಯೊಳಗೆ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತೆ, ಅದರ ಪ್ರಾಣ ಇರುವುದೇ ಆ ಆಯಿಲ್‌ನಲ್ಲಿ. ಕೆಟ್ಟರೆ ಸಣ್ಣ ರಿಪೇರಿಯಲ್ಲಿ ಮುಗಿಯುವುದು ಕಷ್ಟ. ಮ್ಯಾನ್ಯುಯಲ್‌ನಲ್ಲಿ ದೊಡ್ಡ ಖರ್ಚು ಅಂದರೆ ಕ್ಲಚ್ ಪ್ಲೇಟ್. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿ ವಾಪಸ್. ನಮ್ಮ ಓಡಾಟ ಹೆಚ್ಚಾಗಿ ಹೈವೇ, ಘಾಟಿ. ಅದಕ್ಕೇ ನಾನು ಮ್ಯಾನ್ಯುಯಲ್‌ಗೆ ಪಟ್ಟು ಹಿಡಿದೆ. ವರ್ಟಸ್ 1.0ಗೆ ಬರುವ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಶಕ್ತಿ ದಾಟಿಸುವ ಹಳೆ ಥರದ್ದು), 1.5ಗೆ ಬರುವುದು ಡಿಎಸ್‌ಜಿ (ಒಳಗೆ ಎರಡು ಕ್ಲಚ್ ಇರುವಂಥದ್ದು). ಬಹಳ ವರ್ಷ ಇಟ್ಟುಕೊಳ್ಳುವವರು ಈ ವ್ಯತ್ಯಾಸ ಕೇಳಿಯೇ ಬುಕ್ ಮಾಡಿ.

ಒಳಗಿನ ಒಂದೇ ಒಂದು ವಿಷಯ ಹೇಳುತ್ತೇನೆ. ಸಿಟಿಯ ಎಸಿ ತಿರುಗಿಸುವ ನಾಬ್. ಒಂದೊಂದು ಡಿಗ್ರಿಗೂ ಬೆರಳಿಗೆ ಟಿಕ್ ಅಂತ ತಾಗುತ್ತೆ. ಮಳೆಯಲ್ಲಿ ಗ್ಲಾಸು ಮಂಜಾದಾಗ ರಸ್ತೆಯಿಂದ ಕಣ್ಣು ತೆಗೆಯದೆ ಸರಿ ಮಾಡಬಹುದು. ವೆರ್ನಾದಲ್ಲಿ ಎಸಿಗೂ ಮ್ಯೂಸಿಕ್‌ಗೂ ಒಂದೇ ಪ್ಯಾನಲ್, ಬಟನ್ ಒತ್ತಿ ಅತ್ತ ಇತ್ತ ಬದಲಾಯಿಸಬೇಕು. ವರ್ಟಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಟಚ್ ಪ್ಯಾನಲ್. ನೋಡೋಕೆ ಚಂದ. ಜುಲೈ ತಿಂಗಳಲ್ಲಿ ದೋಣಿಗಾಲ್ ಹತ್ತಿರ ಒದ್ದೆ ಬೆರಳಲ್ಲಿ ಮುಟ್ಟಿದರೆ ಚಂದ ಕಾಣಲ್ಲ.

ಸಿಟಿಯ ದೊಡ್ಡ ಮೈನಸ್ ಎತ್ತರ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಅಂತರ, 165 ಮಿಮೀ, ವರ್ಟಸ್‌ಗೆ 179. ಕಾಗದದಲ್ಲಿ ಹದಿನಾಲ್ಕು ಮಿಮೀ ಏನು ಮಹಾ ಅನಿಸುತ್ತೆ. ಐದು ಜನ ಕೂತ ಮೇಲೆ ಹಳ್ಳಿಯ ಹಂಪ್ ಮುಂದೆ ನಿಂತು ನೋಡಿ, ಗೊತ್ತಾಗುತ್ತೆ. ಸಿಟಿಯನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕು. ಮಂಡಿ ನೋವಿನ ಅಮ್ಮನಿಗೆ ನಾಲ್ಕರಲ್ಲೂ ಏಳುವುದು ಕಷ್ಟವೇ. ಸಿಯಾಜ್‌ನಲ್ಲಿ ಕಾಲು ಚಾಚಲು ಧಾರಾಳ ಜಾಗ ಅನ್ನೋದೊಂದು ಸಮಾಧಾನ. ಡಿಕ್ಕಿ 506ರಿಂದ 528 ಲೀಟರ್‌ವರೆಗೆ ಇದೆ. ಕಾಫಿ ಪುಡಿ, ಬಾಳೆಗೊನೆ, ಹಲಸಿನ ಹಣ್ಣು ಎಲ್ಲದರಲ್ಲೂ ಹಿಡಿಯಿತು.

ಸುರಕ್ಷತೆಯಲ್ಲಿ ವೆರ್ನಾ, ವರ್ಟಸ್ ಎರಡೂ 2023ರಲ್ಲಿ ಗ್ಲೋಬಲ್ ಎನ್‌ಸಿಎಪಿಯ ಕ್ರ್ಯಾಶ್ ಟೆಸ್ಟ್‌ನಲ್ಲಿ 5 ಸ್ಟಾರ್ ಪಡೆದವು. ಈ ತಲೆಮಾರಿನ ಸಿಟಿಗೆ 5 ಸ್ಟಾರ್ ಬಂದಿದ್ದು ಆಗ್ನೇಯ ಏಷ್ಯಾದ ಆಸಿಯಾನ್ ಎನ್‌ಸಿಎಪಿ ಟೆಸ್ಟ್‌ನಲ್ಲಿ, ಇಲ್ಲಿ ತಯಾರಾದ ಕಾರಿಗಲ್ಲ. ಸಿಯಾಜ್‌ಗೆ ಎರಡೇ ಏರ್‌ಬ್ಯಾಗ್. ಸುರಕ್ಷತೆಯೇ ಮೊದಲು ಅನ್ನುವವರಿಗೆ ವೆರ್ನಾ 1.5 ಮ್ಯಾನ್ಯುಯಲ್ ಸರಿಯಾದ ಆಯ್ಕೆ, ಇಂಜಿನ್ನೂ ಸರಳ. ನನಗೂ ಕೊನೆಯವರೆಗೆ ಎರಡು ಮನಸ್ಸಿತ್ತು.

ಬಜೆಟ್ ಕಡಿಮೆ ಇದ್ದರೆ ಸಿಯಾಜ್ ಈಗಲೂ ಒಳ್ಳೆಯ ಮಾಲು. ಅದೇ ಇಂಜಿನ್ ಎರ್ಟಿಗಾ, ಬ್ರೆಝಾದಲ್ಲೂ ಬಂದಿರುವುದರಿಂದ ಇಂಜಿನ್ ಭಾಗಗಳ ಚಿಂತೆ ಇಲ್ಲ. ಬಂಪರ್, ಹೆಡ್‌ಲೈಟ್ ಮುಂದೆ ಹುಡುಕಬೇಕಾಗಬಹುದು. 2023ರ ಏಪ್ರಿಲ್ ನಂತರದ ಗಾಡಿಯನ್ನೇ ನೋಡಿ. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್, ಆ ಏಪ್ರಿಲ್ ನಂತರದ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಅದಕ್ಕೆ ತಕ್ಕಂತೆ ಇರುತ್ತವೆ. ಮೂರು ನಾಲ್ಕು ಜನರ ಸಂಸಾರವಾದರೆ ಇಷ್ಟು ದೊಡ್ಡ ಕಾರೇ ಬೇಡ. 2025ರ ಸೆಪ್ಟೆಂಬರ್‌ನಿಂದ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%, ಈ ಸೈಜಿಗೆ 40%. ಹೋಂಡಾ ಅಮೇಝ್‌ನಲ್ಲಿ ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್ ಇಂಜಿನ್ ಇದೆ, ಗ್ರೌಂಡ್ ಕ್ಲಿಯರೆನ್ಸ್ 172.

ಸರಳ ಇಂಜಿನ್, ಹಾಸನದಲ್ಲೇ ಸಿಗುವ ಮೆಕ್ಯಾನಿಕ್ ನೆನೆದು ಕೊನೆಗೆ ನಾನು ಬುಕ್ ಮಾಡಿದ್ದು ಸಿಟಿ ಮ್ಯಾನ್ಯುಯಲ್, ಸನ್‌ರೂಫ್ ಇಲ್ಲದ, 15 ಇಂಚಿನ ಚಕ್ರದ ವೇರಿಯಂಟ್. ಸನ್‌ರೂಫ್‌ನ ನೀರು ಇಳಿಯುವ ಸಣ್ಣ ಪೈಪುಗಳು ಸಿಲ್ವರ್ ಓಕ್ ಎಲೆ ಕಸಕ್ಕೆ ಕಟ್ಟಿಕೊಂಡರೆ ನೀರು ಬರುವುದು ಒಳಕ್ಕೆ. 185/60 ಟೈರಿಗೆ ಪಕ್ಕದ ಗೋಡೆ ಎತ್ತರ ಇರುವುದರಿಂದ ಗುಂಡಿಗೆ ಬಿದ್ದರೂ ರಿಮ್‌ಗೆ ಪೆಟ್ಟು ಕಡಿಮೆ. ಡೆಲಿವರಿ ಹೊತ್ತಿಗೆ ಸೆರಾಮಿಕ್ ಕೋಟಿಂಗ್, ಕ್ರೋಮ್ ಪಟ್ಟಿ, ಬಾಗಿಲ ಹೊಸ್ತಿಲಿಗೆ ಹಾಕುವ ಲೈಟಿನ ಪ್ಲೇಟ್ ಎಲ್ಲ ತೋರಿಸಿದರು, ಬೇಡ ಅಂದೆ. ಮಡ್ ಫ್ಲಾಪ್, ರಬ್ಬರ್ ಮ್ಯಾಟ್, ಕೆಳಗಡೆಗೆ ತುಕ್ಕು ಹಿಡಿಯದ ಕೋಟಿಂಗ್ ಹಾಕಿಸಿಕೊಂಡೆ. ಇಂಜಿನ್ ಕೆಳಗೆ ಇಲಿ ಜಾಲರಿ ಬೇಕು ಅಂದಾಗ ಶೋರೂಂ ಹುಡುಗ ನಕ್ಕ. ಮಲೆನಾಡಿನಲ್ಲಿ ಕಾರು ಇಟ್ಟವರಿಗೆ ಗೊತ್ತು, ವೈರ್ ಕಡಿಯುವ ಇಲಿಗೆ ಯಾವ ಕಂಪನಿಯೂ ವಾರಂಟಿ ಕೊಡಲ್ಲ.