ಮೂರನೆಯವರ ಕುಕೀ: ಸಫಾರಿ, ಫೈರ್‌ಫಾಕ್ಸ್, ಕ್ರೋಮ್
ಕುಕೀ ಎಂದರೆ ಜಾಲತಾಣಗಳು ನಮ್ಮ ಬ್ರೌಸರ್‌ನಲ್ಲಿ ಇಡುವ ಸಣ್ಣ ಮಾಹಿತಿ ತುಣುಕು. ನಾವು ತೆರೆದ ತಾಣವೇ ಇಡುವ ಕುಕೀ ಲಾಗಿನ್ ನೆನಪಿಡಲು ಬೇಕಾದದ್ದು. ಆತಂಕದ ಸಂಗತಿಯೆಂದರೆ ಅದೇ ಪುಟದಲ್ಲಿರುವ ಜಾಹೀರಾತು ಸಂಸ್ಥೆಗಳು ಇಟ್ಟು, ತಾಣದಿಂದ ತಾಣಕ್ಕೆ ನಮ್ಮನ್ನು ಹಿಂಬಾಲಿಸುವ ಮೂರನೆಯವರ ಕುಕೀ. ಸಫಾರಿ ಬ್ರೌಸರ್ 2020ರಿಂದ ಇವನ್ನು ತಾನಾಗಿಯೇ ತಡೆಯುತ್ತಿದೆ, ಆದರೆ ಅದು ಆಪಲ್ ಸಾಧನಗಳಿಗಷ್ಟೇ ಸೀಮಿತ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣಕ್ಕೂ ಪ್ರತ್ಯೇಕ ಡಬ್ಬಿಯನ್ನು ಕೊಟ್ಟು, ಒಂದರಲ್ಲಿಟ್ಟ ಕುಕೀಯನ್ನು ಇನ್ನೊಂದು ತಾಣದಲ್ಲಿ ಓದಲಾಗದಂತೆ ನೋಡಿಕೊಳ್ಳುತ್ತದೆ. ಪುಟಗಳ ಕೆಲಸ ಹೆಚ್ಚು ಕೆಡದೆ ಖಾಸಗಿತನವೂ ಉಳಿಯುವ ಈ ವಿಧಾನವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಕ್ರೋಮ್‌ನಲ್ಲಿ ಮೂರನೆಯವರ ಕುಕೀಗಳನ್ನು ಕೈಬಿಡುವುದಾಗಿ 2020ರಲ್ಲಿ ಹೇಳಿದ್ದ ಗೂಗಲ್, ಹಲವು ಬಾರಿ ಮುಂದೂಡಿ, 2024ರಲ್ಲಿ ಆ ಯೋಜನೆಯಿಂದಲೇ ಹಿಂದೆ ಸರಿಯಿತು. ಹಾಗಾಗಿ ಕ್ರೋಮ್ ಇವನ್ನು ತಾನಾಗಿ ತಡೆಯುವುದು ಇನ್‌ಕಾಗ್ನಿಟೊ ಎಂಬ ಖಾಸಗಿ ವಿಂಡೋದಲ್ಲಿ ಮಾತ್ರ. ಉಳಿದಂತೆ ಅದನ್ನೇ ಬಳಸಬೇಕಾದವರು ಸೆಟ್ಟಿಂಗ್ಸ್‌ನ ಗೌಪ್ಯತೆ ವಿಭಾಗಕ್ಕೆ ಹೋಗಿ ತಡೆಯನ್ನು ತಾವೇ ಆನ್ ಮಾಡಿಕೊಳ್ಳಬೇಕು.