ಎಣ್ಣೆ ಹಚ್ಚಿದ ತೊಗರಿಯ ಮೇಲೆ ಆರು ಸುಗ್ಗಿ: ಪಿವಿಸಿ ಲೇಪದ ತಾಡಪತ್ರಿಯ ಬಳಕೆಯ ಅನುಭವ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತು ದೊರೆತ 2019ರ ಕೊನೆಯಲ್ಲಿ, ಹೊಸ ತೊಗರಿ ಮಾರುಕಟ್ಟೆಗೆ ಬರುವ ಮುಂಚೆ, ಪಿವಿಸಿ ಲೇಪದ ಪಾಲಿಯೆಸ್ಟರ್ ತಾಡಪತ್ರಿಯೊಂದನ್ನು ಕೊಂಡೆ. ಅದರ ಅಳತೆ 30 ಅಡಿಗೆ 40 ಅಡಿ, ತೂಕ ಚದರ ಮೀಟರಿಗೆ 650 ಗ್ರಾಂ, ಬಣ್ಣ ಕಡು ಹಸಿರು. ಸಾಮಾನ್ಯ ಪ್ಲಾಸ್ಟಿಕ್ ತಾಡಪತ್ರಿಯ ನಾಲ್ಕು ಪಟ್ಟು ಹಣ ಕೊಟ್ಟಿದ್ದರಿಂದ ಅಂದಿನಿಂದಲೂ ಅದರ ಮೇಲೆ ಒಂದು ಕಣ್ಣು ಇಟ್ಟಿದ್ದೇನೆ. ಇಂಥದ್ದನ್ನು ಕೊಳ್ಳಬೇಕೆಂದಿರುವವರಿಗೆ, ಅದರಲ್ಲೂ ಧಾನ್ಯದ ವ್ಯವಹಾರ ಮಾಡುವವರಿಗೆ, ಅಂಗಡಿಯಲ್ಲಿ ಯಾರೂ ಹೇಳದ ಕೆಲವು ಸಂಗತಿಗಳು ಆರು ಸುಗ್ಗಿಗಳಲ್ಲಿ ನನಗೆ ತಿಳಿದಿವೆ.

ನಮ್ಮ ಕೆಲಸದಲ್ಲಿ ಇದರ ಪಾತ್ರವೇನೆಂಬುದನ್ನು ಮೊದಲು ಹೇಳಬೇಕು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಕಚ್ಚಿಕೊಂಡಿರುತ್ತದೆ. ಅದನ್ನು ಸಡಿಲಿಸಲು ಕಾಳನ್ನು ರೋಲಿನಲ್ಲಿ ಹಾಯಿಸಿ, ಮೈಗೆ ಗೀರು ಬೀಳಿಸಿ, ಸ್ವಲ್ಪ ಎಣ್ಣೆ ಬೆರೆಸಿ, ಹಗಲೆಲ್ಲ ಪರಸಿ ಕಲ್ಲಿನ ಅಂಗಳದಲ್ಲಿ ಒಣಗಿಸುತ್ತೇವೆ. ಸಂಜೆ ಅದನ್ನೇ ರಾಶಿ ಮಾಡಿ, ಹಗಲಿನ ಕಾವು ಆರದಂತೆಯೂ ಇಬ್ಬನಿ ತಾಗದಂತೆಯೂ ರಾತ್ರಿಯಿಡೀ ಮುಚ್ಚಿಡುತ್ತೇವೆ. ಯಂತ್ರದಲ್ಲಿ ಒಣಗಿಸುವ ದೊಡ್ಡ ಮಿಲ್ಲುಗಳಿಗೆ ಈ ತಾಪತ್ರಯವಿಲ್ಲ. ನಮ್ಮಂಥವರಿಗೆ ಮಾತ್ರ ರಾತ್ರಿ ಹೊದೆಸುವ ಬಟ್ಟೆಯೂ ಯಂತ್ರದ ಒಂದು ಭಾಗವೇ ಸರಿ.

ನಮ್ಮ ತಂದೆಯವರ ಕಾಲದಲ್ಲಿ ಮೇಣ ಹಾಕಿದ ಹತ್ತಿಯ ಕ್ಯಾನ್ವಾಸು ಇತ್ತು. ಅದು ಉಸಿರಾಡುತ್ತಿತ್ತು, ಆದರೆ ನೆನೆದರೆ ಎತ್ತಲಾಗುತ್ತಿರಲಿಲ್ಲ, ಒದ್ದೆಯಾಗಿ ಮಡಚಿಟ್ಟರೆ ವಾರದೊಳಗೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಆಮೇಲೆ ಬಂದದ್ದು ಈಗ ಎಲ್ಲೆಡೆ ಕಾಣುವ ನೀಲಿ ತಾಡಪತ್ರಿ. ಪಾಲಿಎಥಿಲೀನಿನ ಚಪ್ಪಟೆ ಪಟ್ಟಿಗಳನ್ನು ನೇಯ್ದು ಎರಡೂ ಮೈಗೆ ಅದೇ ಜಾತಿಯ ಪ್ಲಾಸ್ಟಿಕ್ ಪದರ ಹೊದಿಸಿದ ಬಟ್ಟೆ ಅದು. ಅದಕ್ಕೆ ಐಎಸ್ 7903 ಎಂಬ ಭಾರತೀಯ ಮಾನಕವೂ ಇದೆ. ಹಗುರ, ಅಗ್ಗ, ನೀರು ಬಿಡುವುದಿಲ್ಲ. ಆದರೆ ನಮ್ಮ ಅಂಗಳದಲ್ಲಿ ಎರಡನೆಯ ಬೇಸಿಗೆ ಕಳೆಯುವಷ್ಟರಲ್ಲಿ ಮೇಲಿನ ಪದರ ಸುಲಿದು, ಒಳಗಿನ ಪಟ್ಟಿಗಳು ಎಳೆಎಳೆಯಾಗಿ ಉದುರಿ ತೊಗರಿಯಲ್ಲಿ ಬೆರೆಯುತ್ತಿದ್ದವು. ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ನೀಲಿ ಚೂರನ್ನು ಹಿಡಿದು ಹಾಕುತ್ತದೆ ನಿಜ, ಆದರೆ ಗಿರಾಕಿಯ ಚೀಲದಲ್ಲಿ ಒಂದೇ ಒಂದು ಚೂರು ಸಿಕ್ಕರೂ ಮಾತು ಕೇಳಬೇಕಾದವನು ನಾನು. ಪಿವಿಸಿಗೆ ಹೋದದ್ದು ಈ ಕಾರಣಕ್ಕೆ.

ಪಿವಿಸಿ ತಾಡಪತ್ರಿಯ ರಚನೆ ಬೇರೆ. ಹರಿದ ಅಂಚೊಂದನ್ನು ಬೆಳಕಿಗೆ ಹಿಡಿದರೆ ಎಲ್ಲವೂ ಕಾಣುತ್ತದೆ: ನಡುವೆ ಬಿಳಿಯ ಪಾಲಿಯೆಸ್ಟರ್ ದಾರದ ನೇಯ್ಗೆ, ಎರಡೂ ಬದಿಗೆ ರಬ್ಬರಿನಂತೆ ಬಾಗುವ ಹಸಿರು ಲೇಪ. ಎಳೆತವನ್ನು ತಾಳುವುದು ದಾರ, ನೀರನ್ನೂ ಬಿಸಿಲನ್ನೂ ತಡೆಯುವುದು ಲೇಪ. ಪಿವಿಸಿ ಪುಡಿಯನ್ನು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವದಲ್ಲಿ ಕಲಸಿ, ದೋಸೆಹಿಟ್ಟಿನ ಹದಕ್ಕೆ ತಂದು, ಓಡುವ ಬಟ್ಟೆಯ ಮೇಲೆ ಸುರಿದು, ಉದ್ದನೆಯ ಅಲಗಿನಿಂದ ಸಮನಾಗಿ ಸವರಿ, 160ರಿಂದ 200 ಡಿಗ್ರಿ ಕಾವಿನ ಒಲೆಯಲ್ಲಿ ಹಾಯಿಸುತ್ತಾರೆ. ಪ್ಲಾಸ್ಟಿಸೈಸರ್ ಇಲ್ಲದ ಪಿವಿಸಿ ಎಂದರೆ ನಮ್ಮ ಮನೆಯ ನೀರಿನ ಪೈಪು. ಮಡಚಲು ಹೋದರೆ ಮುರಿಯುತ್ತದೆ. ಅದೇ ಪದಾರ್ಥವನ್ನು ಬಟ್ಟೆಯಂತೆ ಮಡಚಲು ಬರುವಂತೆ ಮಾಡುವುದು ಈ ದ್ರವ ಮಾತ್ರ, ಮತ್ತು ಅದು ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಉದ್ದುದ್ದ ಅಣುಗಳ ಸಂದಿಯಲ್ಲಿ ಸುಮ್ಮನೆ ಕುಳಿತಿರುತ್ತದೆ, ದಾರಿ ಸಿಕ್ಕರೆ ಎದ್ದು ಹೋಗುತ್ತದೆ. ಕೊಳ್ಳುವಾಗ ಈ ಸಂಗತಿ ನನಗೆ ಗೊತ್ತಿರಲಿಲ್ಲ.

ಮೊದಲ ಎರಡು ವರ್ಷ ದೂರು ಹೇಳುವಂಥದ್ದು ಏನೂ ಇರಲಿಲ್ಲ, ಅದರ ಭಾರವೊಂದನ್ನು ಬಿಟ್ಟು. 30 ಅಡಿಗೆ 40 ಅಡಿ ಎಂದರೆ ಸುಮಾರು 111 ಚದರ ಮೀಟರ್, ಅಂದರೆ ತಾಡಪತ್ರಿ ಒಂದೇ 72 ಕಿಲೋ ತೂಗುತ್ತದೆ. ದಿನವೂ ಸಂಜೆ ಎಳೆದು ಬೆಳಿಗ್ಗೆ ತೆಗೆಯಲು ನಾಲ್ಕು ಜನ ಹಮಾಲರು ಬೇಕಾಗುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಹರಿದ ಆ ಮಳೆಯ ವಾರ ಅಂಗಳದಲ್ಲಿ ಹಳೆಯ ತೊಗರಿಯ ಚೀಲಗಳ ಥಪ್ಪಿ ಇತ್ತು. ತಾಡಪತ್ರಿಯ ಕೆಳಗೆ ಒಂದು ಹನಿಯೂ ಇಳಿಯಲಿಲ್ಲ. ಚೀಲಗಳ ನಡುವಿನ ತಗ್ಗಿನಲ್ಲಿ ಮಾತ್ರ ನೀರು ಹೊಂಡವಾಗಿ ನಿಂತು ಒಂದು ಬದಿಯ ಹಿತ್ತಾಳೆ ರಿಂಗು ಕಿತ್ತು ಬಂತು. ಒಂದು ಚದರ ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ನೂರು ಕಿಲೋ ಭಾರವಾಗುತ್ತದೆ, ಹಾಗಾಗಿ ಅದು ರಿಂಗಿನ ತಪ್ಪಲ್ಲ, ಇಳಿಜಾರು ಕೊಡದೆ ಕಟ್ಟಿದ ನಮ್ಮ ತಪ್ಪು.

ಆದರೆ ಮಳೆ ನಿಂತ ಮೇಲೆ ತೆರೆದು ನೋಡಿದಾಗ ಮೇಲಿನ ಸಾಲಿನ ಚೀಲಗಳು ತೇವವಾಗಿದ್ದವು. ಹೊರಗಿನ ನೀರು ಒಳಬಂದಿರಲಿಲ್ಲ, ತೊಗರಿಯದೇ ತೇವ ಹೊರಹೋಗಲಾರದೆ ತಾಡಪತ್ರಿಯ ತಣ್ಣನೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಚೀಲದ ಮೇಲೆಯೇ ಬಿದ್ದಿತ್ತು. ಸರ್ಕಾರಿ ಖರೀದಿ ಕೇಂದ್ರದಲ್ಲಿ ತೊಗರಿಯ ತೇವಾಂಶ ಶೇಕಡಾ 12ನ್ನು ದಾಟಬಾರದು. ಆ ಮಿತಿಯೊಳಗೆ ಒಣಗಿಸಿದ ಮಾಲನ್ನೂ ವಾರಗಟ್ಟಲೆ ಹೀಗೆ ಬಿಗಿದಿಟ್ಟರೆ ಮೇಲ್ಪದರಕ್ಕೆ ಬೂಷ್ಟು ತಪ್ಪಿದ್ದಲ್ಲ. ಅಂದಿನಿಂದ ಥಪ್ಪಿಯ ಮೇಲೆ ಬಿದಿರಿನ ಗಳುಗಳನ್ನು ಅಡ್ಡಲಾಗಿಟ್ಟು, ಎರಡೂ ತುದಿಗೆ ಗಾಳಿಯಾಡಲು ಬಿಟ್ಟು ಹೊದೆಸುತ್ತೇವೆ.

ನಿಜವಾದ ತೊಂದರೆ ಕಂಡದ್ದು ನಾಲ್ಕನೆಯ ಸುಗ್ಗಿಯಲ್ಲಿ. ಒಂದು ಬೆಳಿಗ್ಗೆ ತಾಡಪತ್ರಿ ಮಡಚುತ್ತಿದ್ದ ನಮ್ಮ ಹಿರಿಯ ಹಮಾಲರೊಬ್ಬರು ಕರೆದು, “ಸಾವ್ಕಾರ್ರೆ, ಇದರ ಒಳಮೈ ಮ್ಯಾಲಿನಕಿಂತ ಬಿರಸ ಆಗ್ಯಾದ ನೋಡ್ರಿ” ಎಂದರು. ಬಿಸಿಲು ತಿಂದ ಹೊರಮೈ ಬಿರುಸಾಗುವುದು ಸಹಜ. ನೆರಳಿನಲ್ಲಿಯೇ ಇರುವ ಒಳಮೈ ಯಾಕೆ ಬಿರುಸಾಗಬೇಕು? ಉಗುರಿನಿಂದ ಗೀರಿ ನೋಡಿದೆ. ಹೊರಗಿನ ಲೇಪದಲ್ಲಿ ಉಗುರಿನ ಗುರುತು ಮೂಡಿ ನಿಧಾನವಾಗಿ ಮಾಯವಾಯಿತು. ಒಳಗಿನದರಲ್ಲಿ ಗುರುತೇ ಮೂಡಲಿಲ್ಲ. ದಿನವೂ ಮಡಚುವ ಸಾಲಿನಲ್ಲಿ ಕೂದಲೆಳೆಯಂಥ ಬಿರುಕುಗಳು ಓಡಿದ್ದವು, ಅವುಗಳೊಳಗೆ ಬಿಳಿಯ ದಾರ ಇಣುಕುತ್ತಿತ್ತು.

ಉತ್ತರ ಸಿಕ್ಕದ್ದು ಲಾರಿಗಳ ತಾಡಪತ್ರಿಗೆ ಬಿಸಿಗಾಳಿಯ ಬೆಸುಗೆ ಹಾಕುವ ಕುಶಲಕರ್ಮಿಯೊಬ್ಬರಿಂದ. ಅವರು ಒಳಮೈಯನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡಿ, “ಇದರ ಮ್ಯಾಲ ಎಣ್ಣಿ ಹಾಕ್ತೀರೇನ್ರಿ?” ಎಂದು ಕೇಳಿದರು. ಹಾಕುತ್ತಿರಲಿಲ್ಲ, ಆದರೆ ಎಣ್ಣೆ ಹಚ್ಚಿದ ಬೆಚ್ಚನೆಯ ತೊಗರಿಯ ಮೇಲೆ ಸುಗ್ಗಿಯುದ್ದಕ್ಕೂ ರಾತ್ರಿಯೆಲ್ಲ ಹೊದೆಸುತ್ತಿದ್ದೆವು, ಎರಡೂ ಒಂದೇ. ಪ್ಲಾಸ್ಟಿಸೈಸರ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಮಾತ್ರ ಸಲೀಸಾಗಿ ಕರಗುತ್ತದೆ. ಮೇಲೆ ಕಾವೂ ಇದ್ದರೆ ಇನ್ನೂ ಬೇಗ ಹೊರಡುತ್ತದೆ. ಹೀಗೆ ಮಳೆಗೆ ಜಗ್ಗದ ಲೇಪವನ್ನು ತೊಗರಿಯ ಮೈಯ ಎಣ್ಣೆ ರಾತ್ರಿ ರಾತ್ರಿ ಹೀರಿ ಪೈಪಿನ ಜಾತಿಗೆ ತಿರುಗಿಸುತ್ತಿತ್ತು. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಒಳ್ಳೆಯ ಮಾಲಿನ ಮೇಲೆ ಅಕ್ರಿಲಿಕ್ ಲ್ಯಾಕರಿನ ತೆಳುವಾದ ಪದರ ಇರುತ್ತದೆ. ಅದು ಧೂಳು ಅಂಟದಂತೆ ನೋಡಿಕೊಳ್ಳುತ್ತದೆ, ಪ್ಲಾಸ್ಟಿಸೈಸರ್ ಹೊರಡುವುದನ್ನೂ ನಿಧಾನಿಸುತ್ತದೆ. ನನ್ನ ತಾಡಪತ್ರಿಗೆ ಅದು ಒಂದೇ ಬದಿಗೆ ಇತ್ತು, ಅದೂ ಹೊರಬದಿಗೆ. ಮಾರಿದ ಅಂಗಡಿಯವರು ಹತ್ತು ವರ್ಷ ಬಾಳುತ್ತದೆ ಎಂದಿದ್ದರು. ಲ್ಯಾಕರಿನ ಸುದ್ದಿ ಎತ್ತಿರಲಿಲ್ಲ, ನಾನೂ ಗ್ರಾಂ ಲೆಕ್ಕವನ್ನಷ್ಟೇ ಕೇಳಿದ್ದೆ.

ತಾಡಪತ್ರಿ ಹಾಳಾದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಲೇಪ ಬಿಟ್ಟು ಹೊರಟದ್ದು ಹೋದದ್ದಾದರೂ ಎಲ್ಲಿಗೆ? ತೊಗರಿಯ ಸಿಪ್ಪೆಗೆ. ಸಿಪ್ಪೆಯೇನೋ ಬೇಳೆಯಿಂದ ಬೇರ್ಪಡುತ್ತದೆ, ಆದರೆ ಅದನ್ನು ನಾವು ಎಸೆಯುವುದಿಲ್ಲ, ಹೊಟ್ಟೆಂದು ಮಾರುತ್ತೇವೆ, ದನಗಳು ತಿನ್ನುತ್ತವೆ. ಪಿವಿಸಿಯಲ್ಲಿ ಹೆಚ್ಚಾಗಿ ಬಳಕೆಯಾಗುತ್ತ ಬಂದ ಥ್ಯಾಲೇಟ್ ಬಗೆಯ ಪ್ಲಾಸ್ಟಿಸೈಸರ್‌ಗಳನ್ನು ಮಕ್ಕಳ ಆಟಿಕೆಗಳಲ್ಲಿ ಯುರೋಪಿನ ಒಕ್ಕೂಟ 2005ರಲ್ಲಿಯೇ ನಿರ್ಬಂಧಿಸಿದೆ. ಲಾರಿಗೆ ಹೊದೆಸುವ ಬಟ್ಟೆ ಆಹಾರಕ್ಕೆ ತಾಗಲೆಂದು ಮಾಡಿದ್ದಲ್ಲ, ತಾಗಿಸಿದ್ದು ನಾನು. ಈಗ ಎಣ್ಣೆ ಹಚ್ಚಿದ ರಾಶಿಯ ಮೇಲೆ ಮೊದಲು ದಪ್ಪನೆಯ ಹತ್ತಿ ಬಟ್ಟೆ, ಅದರ ಮೇಲೆ ತಾಡಪತ್ರಿ. ಹತ್ತಿ ಬಟ್ಟೆಯನ್ನು ಹದಿನೈದು ದಿನಕ್ಕೊಮ್ಮೆ ಸೋಡಾ ಹಾಕಿ ಒಗೆಸುತ್ತೇವೆ.

ಉಳಿದ ದೋಷಗಳು ಇಷ್ಟು ದೊಡ್ಡವಲ್ಲ. ಬೆಸುಗೆ ಸರಿಯಾಗಿ ಮುಚ್ಚದ ಒಂದು ಮೂಲೆಯಲ್ಲಿ ನೀರು ಬತ್ತಿಗೆ ಎಣ್ಣೆ ಏರುವಂತೆ ದಾರದೊಳಗೆ ಏರಿ, ಎರಡು ಪದರಗಳ ನಡುವೆ ಗೇಣುದ್ದದ ಕಂದು ಗೆರೆ ಮೂಡಿದೆ. ಹೊರಗಿನಿಂದ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಮೇ ತಿಂಗಳಲ್ಲಿ ತಗಡಿನ ಗೋದಾಮಿನಲ್ಲಿ ಮಡಚಿಟ್ಟರೆ ಪದರಕ್ಕೆ ಪದರ ಅಂಟಿಕೊಂಡು, ಬಿಡಿಸುವಾಗ ಚರ್ ಎಂದು ಸದ್ದು ಮಾಡುತ್ತ ಏಳುತ್ತದೆ. ಎರಡು ಬಟ್ಟೆಗಳ ನಡುವೆ ರಬ್ಬರು ಸವರಿ ಮಳೆಯಂಗಿಗೆ ಬಟ್ಟೆ ಮಾಡುವ ವಿಧಾನಕ್ಕೆ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಪೇಟೆಂಟ್ ಪಡೆದಾಗಲೂ ಜನರ ದೂರು ಇದೇ ಆಗಿತ್ತಂತೆ, ಸೆಕೆಗೆ ಅಂಟು, ಚಳಿಗೆ ಬಿರುಸು. ಇನ್ನೂರು ವರ್ಷದ ದೂರು ನಮ್ಮ ಗೋದಾಮಿನಲ್ಲಿಯೂ ಕೇಳಿಬರುತ್ತದೆ ಎಂಬುದು ಒಂದು ತಮಾಷೆ. ಟಾಲ್ಕ್ ಪುಡಿ ಉದುರಿಸಿ, ಮಡಚುವ ಬದಲು ಪೈಪಿಗೆ ಸುರುಳಿ ಸುತ್ತಿಡಲು ತೊಡಗಿದ ಮೇಲೆ ಅಂಟುವುದೂ ನಿಂತಿದೆ, ಮಡಿಕೆಯ ಬಿರುಕೂ ಹೆಚ್ಚಿಲ್ಲ.

ದುರಸ್ತಿಯ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ತಿ ಅಂಕ. ಇಲಿ ಕಡಿದ ತೂತು, ಕೊಕ್ಕೆ ತಾಗಿ ಹರಿದ ಸೀಳು, ಎಲ್ಲದಕ್ಕೂ ಅದೇ ಬಟ್ಟೆಯ ತೇಪೆಯನ್ನು ಬಿಸಿಗಾಳಿಯಿಂದ ಬೆಸೆದರೆ ಲೇಪಕ್ಕೆ ಲೇಪ ಕರಗಿ ಒಂದಾಗುತ್ತದೆ, ತೇಪೆ ಕೀಳಲು ಹೋದರೆ ಪಕ್ಕದ ಬಟ್ಟೆಯೇ ಹರಿಯುತ್ತದೆ. ನೀಲಿ ತಾಡಪತ್ರಿಗೆ ಆ ಭಾಗ್ಯವಿಲ್ಲ. ಪಾಲಿಎಥಿಲೀನಿನ ಮೈಗೆ ಅಂಗಡಿಯ ಅಂಟುಗಳು ಹಿಡಿಯುವುದೇ ಇಲ್ಲ. ಒಂದು ಎಚ್ಚರಿಕೆ: ಕತ್ತರಿಸಿ ಉಳಿದ ಪಿವಿಸಿ ಚೂರುಗಳನ್ನು ಚಳಿ ಕಾಯಿಸಲು ಉರಿಸಬಾರದು. ನಮ್ಮ ಕಾವಲುಗಾರರು ಒಮ್ಮೆ ಹಾಗೆ ಮಾಡಿ ಅರ್ಧ ರಾತ್ರಿ ಕಣ್ಣುರಿ, ಕೆಮ್ಮಿನಿಂದ ಒದ್ದಾಡಿದರು. ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಇರುತ್ತದೆ.

ಐದಕ್ಕೆ ಎಷ್ಟು ಎಂದು ಕೇಳಿದರೆ ಮಳೆಗಾಲದ ಹೊದಿಕೆಯಾಗಿ ನಾಲ್ಕೂವರೆ ಕೊಡುತ್ತೇನೆ, ಮಿಲ್ಲಿನ ರಾತ್ರಿಯ ಹೊದಿಕೆಯಾಗಿ ಎರಡೂವರೆಗಿಂತ ಮೇಲೆ ಹೋಗಲಾರೆ. ಕಾಳನ್ನು ಹರವಿ ಒಣಗಿಸಲು ಕೆಳಗೆ ಹಾಸುವುದಕ್ಕಂತೂ ಇದನ್ನು ಬಳಸಲೇಬೇಡಿ, ಆ ಕೆಲಸಕ್ಕೆ ವರ್ಷಕ್ಕೊಮ್ಮೆ ಬದಲಿಸುವ ಪಾಲಿಎಥಿಲೀನಿನದೇ ವಾಸಿ.

ಈ ಸಲ ಒಂದೇ ದೊಡ್ಡದರ ಬದಲು 20 ಅಡಿಗೆ 30 ಅಡಿಯ ಎರಡು ತಾಡಪತ್ರಿಗಳನ್ನು ಹೇಳಿ ಮಾಡಿಸಿದ್ದೇನೆ. ಎರಡೂ ಬದಿಗೆ ಲ್ಯಾಕರ್ ಇದೆ, ಬಿಸಿಲಿಗೆ ಕಡಿಮೆ ಕಾಯಲೆಂದು ಬೂದು ಬಣ್ಣ, ನಾಲ್ಕೂ ಅಂಚು ಬೆಸುಗೆ ಹಾಕಿ ಮುಚ್ಚಿದ್ದು. ಒಂದೊಂದು 36 ಕಿಲೋ ಇರುವುದರಿಂದ ಇಬ್ಬರೇ ಎಳೆದು ಹಾಕುತ್ತಾರೆ. ಹಳೆಯದರ ಬಿರುಕಿಲ್ಲದ ಭಾಗ ಜನರೇಟರಿನ ಶೆಡ್ಡಿಗೆ ಹೋಗಿದೆ, ಉಳಿದ ಚೂರುಗಳನ್ನು ತೇಪೆಗೆಂದು ಬೆಸುಗೆಯವರು ಕೇಳಿ ಒಯ್ದರು.