ಶೆಡ್ಡಿಗೆ ಹಗಲು ಬೆಳಕು: ನೀರಿನ ಬಾಟಲಿಯೋ, ಫೈಬರ್ ಶೀಟೋ?

ಚಿಂತಾಮಣಿ ಕಡೆ ಯಾವ ತೋಟಕ್ಕೆ ಹೋದರೂ ಶೀಟ್ ಹೊದಿಸಿದ ಶೆಡ್ಡು ಒಂದಾದರೂ ಇರುತ್ತದೆ. ಕಿಟಕಿ ಇಡುವವರು ಕಡಿಮೆ, ಇಟ್ಟವರೂ ಕಳ್ಳರ ಭಯಕ್ಕೆ ಮುಚ್ಚಿರುತ್ತಾರೆ. ಹೀಗಾಗಿ ನಡು ಮಧ್ಯಾಹ್ನವೂ ಒಳಗೆ ಟಾರ್ಚ್ ಬೇಕು. ನಮ್ಮಲ್ಲಿ ಹಸುಗಳ ಕೊಟ್ಟಿಗೆ ಸಿಮೆಂಟ್ ಶೀಟಿನದು. ಟೊಮೆಟೊ ಕ್ರೇಟು, ಡ್ರಿಪ್ ಪೈಪು, ಪಾನಾ ಇತ್ಯಾದಿ ಇಡುವ ಪುಟ್ಟ ಕೋಣೆ ತಗಡಿನದು. ಎರಡು ಕಡೆಯೂ ಬಾಟಲಿ ದೀಪ, ಬೆಳಕು ಹಾಯುವ ಫೈಬರ್ ಶೀಟು ಎರಡನ್ನೂ ಹಾಕಿ ನೋಡಿದ್ದೇನೆ.

ಬಾಟಲಿ ದೀಪ ಹೊಸದೇನಲ್ಲ. ಬ್ರೆಜಿಲ್‌ನ ಉಬೆರಾಬಾ ಎಂಬ ಊರಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ, ಅಲ್ಲಿ ಕರೆಂಟ್ ಕೈಕೊಡುತ್ತಿದ್ದ ಕಾಲದಲ್ಲಿ ಮಾಡಿದ್ದು. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಗೆ ನೀರು ತುಂಬಿ, ಎರಡು ಮುಚ್ಚಳ ಬ್ಲೀಚ್ ಹಾಕಿ, ಮೂರನೇ ಒಂದು ಭಾಗ ಸೂರಿನ ಮೇಲೆ, ಉಳಿದದ್ದು ಒಳಗೆ ನಿಲ್ಲುವಂತೆ ಕೂರಿಸುವುದು. ಬಾಟಲಿಯ ಬಾಯಿ ಮೇಲಕ್ಕೇ ಇರಬೇಕು. ಮೇಲೆ ಬಿದ್ದ ಬಿಸಿಲು ನೀರಿನೊಳಗೆ ಬಾಗಿ, ಒಳಗೊಳಗೇ ಪ್ರತಿಫಲಿಸಿ, ಕೆಳಭಾಗದಿಂದ ಸುತ್ತಲೂ ಚೆಲ್ಲುತ್ತದೆ. ಒಳ್ಳೆ ಬಿಸಿಲಿದ್ದರೆ ಹಳೇ ಕಾಲದ 40ರಿಂದ 60 ವ್ಯಾಟಿನ ಬಲ್ಬಿನಷ್ಟು ಬೆಳಕು.

ಬೆಳಕಿನ ಪ್ರಮಾಣದ ಮಾತಾದರೆ ಫೈಬರ್ ಶೀಟಿನ ಮುಂದೆ ಬಾಟಲಿ ಲೆಕ್ಕಕ್ಕೇ ಇಲ್ಲ. ಬಾಟಲಿಯ ಅಡ್ಡಳತೆ ಹತ್ತು ಹನ್ನೊಂದು ಸೆಂಟಿಮೀಟರ್, ಶೀಟು ಹಲವು ಅಡಿ. ಆದರೆ ಅಷ್ಟು ಬೆಳಕಿನ ಜೊತೆ ಅಷ್ಟೇ ಬಿಸಿಲೂ ಒಳಗೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಆ ಬಿಸಿಲಿನ ಪಟ್ಟಿ ಕೊಟ್ಟಿಗೆಯ ನೆಲದ ಮೇಲೆ ಸರಿಯುತ್ತಾ ಹೋದಂತೆ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ) ಹಸು ಹಗ್ಗ ಎಳೆದುಕೊಂಡು ನೆರಳಿಗೆ ಜಗ್ಗುತ್ತದೆ. ಬೇಸಿಗೆ ಬಂದ ಕೂಡಲೇ ಶೀಟಿನ ಮೇಲೆ ತೆಳ್ಳಗೆ ಸುಣ್ಣ ಬಳಿದುಬಿಡುತ್ತೇವೆ, ಮಳೆ ಹಿಡಿದರೆ ತಾನೇ ತೊಳೆದುಹೋಗುತ್ತದೆ. ಬಾಟಲಿಗೆ ಈ ಕಾಟವಿಲ್ಲ. ಅದರ ಬೆಳಕು ತಂಪು, ಅಲುಗುವುದಿಲ್ಲ. ತಗಡಿನ ಕೋಣೆಯಲ್ಲಿ ಒಂದೇ ಬಾಟಲಿಯ ಕೆಳಗೆ ನಿಂತು ಪಾನಾದ ಮೇಲಿನ ನಂಬರು ಹದಿಮೂರೋ ಹದಿನಾಲ್ಕೋ ಓದಬಹುದು. ಕೊಟ್ಟಿಗೆಯಲ್ಲಿ ಹಾಗಲ್ಲ. ಕೆಚ್ಚಲ ಸಂದಿಯ ಉಣ್ಣೆ ಹುಳ ಕಾಣಬೇಕೆಂದರೆ ಎರಡು ಹಸುವಿಗೊಂದರಂತೆ ಬಾಟಲಿ ಬೇಕು. ಅಷ್ಟು ತೂತು ಯಾರು ಕೊರೆಯುತ್ತಾರೆ?

ತೂತೇ ಈ ಕೆಲಸದ ನಿಜವಾದ ತಲೆನೋವು. ತಗಡಾದರೆ ಕತ್ತರಿಯಲ್ಲೇ ಆಗುತ್ತದೆ. ಶೀಟಿನ ಏರಿನ ಮೇಲೇ ಕೊರೆಯಬೇಕು, ತಗ್ಗಿನಲ್ಲಿ ಕೊರೆದರೆ ಮಳೆನೀರೆಲ್ಲ ಅಲ್ಲೇ ಹರಿದು ಬರುತ್ತದೆ. ಅದೇ ಅಲೆಯ ಇನ್ನೊಂದು ತಗಡಿನ ತುಂಡಿಗೆ ಬಾಟಲಿ ಬಿಗಿಯಾಗಿ ಕೂರಿಸಿ, ಅದನ್ನು ಸೂರಿನ ಮೇಲೆ ಹೊದಿಸಿ ಸಿಲಿಕಾನ್ ಅಂಟು ಹಾಕಬೇಕು. ಹಾಕುವ ಮುಂಚೆ ಬಾಟಲಿಯ ಆ ಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಹಿಡಿತ ಚೆನ್ನಾಗಿರುತ್ತದೆ. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುವುದರಿಂದ ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಮಿಷನ್ ಹಾಕಿ ಕೊಯ್ಯಬೇಡಿ, ಕೊಟ್ಟಿಗೆಗೆ ಫೈಬರೇ ವಾಸಿ ಅನ್ನುವುದಕ್ಕೆ ನನಗೆ ಈ ಒಂದು ಕಾರಣವೇ ಸಾಕು. ಒಂದು ಶೀಟು ಬಿಚ್ಚಿ ಅದೇ ಅಲೆಯ ಫೈಬರ್ ಹೊದಿಸಿದರೆ ಮುಗಿಯಿತು. ಯಾವುದೇ ಆದರೂ ಶೀಟಿನ ಮೇಲೆ ನೇರ ಕಾಲಿಡಬೇಡಿ, ತೀರುಗಳಿಗೆ ಅಡ್ಡಲಾಗಿ ಹಲಗೆ ಹಾಕಿಕೊಳ್ಳಿ.

ನೀರಿನ ವಿಷಯ ನಮ್ಮ ಜಿಲ್ಲೆಯವರಿಗೆ ಮುಖ್ಯ. ಬೋರ್‌ವೆಲ್ ನೀರು ಗಡಸು. ಅದಕ್ಕೆ ಬ್ಲೀಚ್ ಬಿದ್ದರೆ ಹಾಲಿನ ಹಾಗೆ ಮಸುಕಾಗಿ, ಆಮೇಲೆ ಬಿಳಿ ಗಸಿ ತಳದಲ್ಲಿ ಕೂರುತ್ತದೆ. ಬೆಳಕು ಹೊರಬೀಳುವುದೂ ಅಲ್ಲೇ! ಊರಿನ ಫಿಲ್ಟರ್ ನೀರನ್ನೇ ತುಂಬಿ. ಬ್ಲೀಚಿಂಗ್ ಪೌಡರ್ ಬೇಡ, ಅದೂ ಗಸಿ ಬಿಡುತ್ತದೆ. ಬಟ್ಟೆಗೆ ಹಾಕುವ ದ್ರವವೇ ಸರಿ. ಬ್ಲೀಚ್ ಹಾಕದಿದ್ದರೆ ಪಾಚಿ ಕಟ್ಟುತ್ತದೆ.

ಬಾಳಿಕೆಯಲ್ಲಿ ಎರಡೂ ಅಷ್ಟಕ್ಕಷ್ಟೇ. ಬಿಸಿಲಿಗೆ ಬಾಟಲಿಯ ಪ್ಲಾಸ್ಟಿಕ್ ಪೆಡಸಾಗುತ್ತದೆ, ಮುಚ್ಚಳಕ್ಕೆ ಕಪ್ಪು ಟೇಪು ಸುತ್ತದಿದ್ದರೆ ಅದೇ ಮೊದಲು ಸೀಳುವುದು. ಫೈಬರ್ ಹಳದಿಗಟ್ಟಿ ನಾರು ಬಿಡುತ್ತದೆ, ಹಳೆಯದಾದ ಮೇಲೆ ಆಲಿಕಲ್ಲು ಮಳೆ ತಡೆಯುವುದಿಲ್ಲ. ಬಾಟಲಿ ಹಾಳಾದರೆ ಇನ್ನೊಂದು ಬಾಟಲಿ, ಕಾಸಿಲ್ಲ. ಮಂಗಗಳು ಮಾತ್ರ ಬಾಟಲಿಯನ್ನೇ ಹುಡುಕಿಕೊಂಡು ಬಂದು ಅಲ್ಲಾಡಿಸುತ್ತವೆ, ಸಿಲಿಕಾನ್ ಬಿಟ್ಟುಕೊಂಡರೆ ಮೊದಲ ಮಳೆಗೇ ಸೋರಿಕೆ.

ಗಾಜಿನ ಬಾಟಲಿಯನ್ನೂ ಹಾಕಿ ನೋಡಿದೆ. ಭಾರ ಜಾಸ್ತಿ, ಬಣ್ಣದ ಗಾಜಾದರೆ ಬೆಳಕನ್ನೇ ನುಂಗುತ್ತದೆ. ಬೇಡ. ಸೋಲಾರ್ ಎಲ್‌ಇಡಿ ರಾತ್ರಿಗೆ, ಅದರ ಲೆಕ್ಕವೇ ಬೇರೆ.

ನಮ್ಮ ಕೊಟ್ಟಿಗೆಯಲ್ಲಿ ಈಗ ಉಳಿದಿರುವುದು ಫೈಬರು, ಅದೂ ಮೇವಿನ ತೊಟ್ಟಿಯ ಮೇಲಲ್ಲ, ಸಗಣಿ ಬಾಚುವ ಓಣಿಯ ಮೇಲೆ. ತಗಡಿನ ಕೋಣೆಗೆ ಬಾಟಲಿ. ಹೆಂಚಿನ ಸೂರಿದ್ದವರಿಗೆ ಇವೆರಡೂ ಬೇಕಿಲ್ಲ, ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರೆ ಆಯಿತು.